ದಿನಾ ಎರಡು ಗಂಟೆ ವ್ಯಾಯಾಮ, ಆದರೂ ಸ್ಟ್ರೆಚರ್ ಯಾಕೆ?

ಪ್ರಶ್ನೆ: ಸುನಿತಾ ವಿಲಿಯಮ್ಸ್ 286 ದಿನ ಬಾಹ್ಯಾಕಾಶದಲ್ಲಿದ್ದು 2025ರ ಮಾರ್ಚ್‌ನಲ್ಲಿ ವಾಪಸ್ ಬಂದಾಗ ಸ್ಟ್ರೆಚರ್ ಮೇಲೆ ಕರೆದೊಯ್ದರು. ಅಲ್ಲಿ ದಿನಾ ಎರಡು ಗಂಟೆ ವ್ಯಾಯಾಮ ಮಾಡಿಸುತ್ತಾರಂತೆ. ಹಾಗಾದರೆ ಅದರಿಂದ ಏನು ಉಪಯೋಗ? ಭಾರವೇ ಇಲ್ಲದ ಕಡೆ ಭಾರ ಎತ್ತುವುದಾದರೂ ಹೇಗೆ?
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರನ್ನು ನೋಡಿರುತ್ತೀರಿ. ಬಿಚ್ಚಿದಾಗ ಆ ಕಾಲು ಸಣಕಲಾಗಿರುತ್ತದೆ, ಅಲ್ವಾ? ಕೆಲಸವಿಲ್ಲದ ಮಾಂಸಖಂಡವನ್ನು ದೇಹ ಸುಮ್ನೆ ಸಾಕುವುದಿಲ್ಲ. ಮೂಳೆಯದ್ದೂ ಅದೇ ಕಥೆ. ತೇಲಾಡುವವರ ಸೊಂಟ, ತೊಡೆಯ ಮೇಲೆ ಮೈಭಾರ ಬೀಳುವುದೇ ಇಲ್ಲ. ವ್ಯಾಯಾಮ ಬಿಟ್ಟರೆ ಅಲ್ಲಿನ ಮೂಳೆ ತಿಂಗಳಿಗೆ ಸುಮಾರು ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುವುದರಿಂದ ಕಿಡ್ನಿಯಲ್ಲಿ ಕಲ್ಲಾಗುವ ಭಯ ಬೇರೆ. ನೆಲದಿಂದ 400 ಕಿ.ಮೀ. ಎತ್ತರದಲ್ಲಿ ಆ ನೋವು ಯಾರಿಗೂ ಬೇಡಪ್ಪ!

ಡಂಬೆಲ್ ಒಯ್ದು ಪ್ರಯೋಜನವಿಲ್ಲ, ಅದೂ ತೇಲುತ್ತದೆ. ಅದಕ್ಕೇ ಗಾಳಿ ತೆಗೆದ ಸಿಲಿಂಡರ್‌ಗಳ ಯಂತ್ರ ಇಟ್ಟಿದ್ದಾರೆ. ಸೂಜಿಯಿಲ್ಲದ ಸಿರಿಂಜಿನ ಬಾಯಿಗೆ ಬೆರಳು ಒತ್ತಿ ಹಿಂದಕ್ಕೆ ಎಳೆದು ನೋಡಿ. ಆ ಎಳೆತವೇ ಅಲ್ಲಿ ‘ಭಾರ’. ಟ್ರೆಡ್‌ಮಿಲ್ ಓಟಕ್ಕೆ ಭುಜ, ಸೊಂಟಕ್ಕೆ ಪಟ್ಟಿ ಬಿಗಿದು ಕೆಳಕ್ಕೆ ಜಗ್ಗಿ ಕಟ್ಟುತ್ತಾರೆ. ಸುನಿತಾ 2007ರಲ್ಲಿ ಬೋಸ್ಟನ್ ಮ್ಯಾರಥಾನ್ ಅನ್ನು ಹೀಗೇ ಬಾಹ್ಯಾಕಾಶ ನಿಲ್ದಾಣದಲ್ಲೇ ಓಡಿ ಮುಗಿಸಿದರು, 4 ಗಂಟೆ 24 ನಿಮಿಷದಲ್ಲಿ.

ಇನ್ನು ಸ್ಟ್ರೆಚರ್. ಅದು ಕಾಯಿಲೆಯ ಗುರುತಲ್ಲ. ತಿಂಗಳುಗಟ್ಟಲೆ ಇದ್ದು ಬಂದವರಿಗೆ ಅದು ಮಾಮೂಲಿ ಎಚ್ಚರಿಕೆ. ಯಾಕೆಂದರೆ ವ್ಯಾಯಾಮಕ್ಕೆ ಬಗ್ಗದ ತೊಂದರೆಗಳೂ ಇವೆ. ಮೈ ವಾಲಿದರೆ ತಿಳಿಸುವುದು ಒಳಗಿವಿ. ಮೇಲು-ಕೆಳಗು ಇಲ್ಲದ ಜಾಗದಲ್ಲಿ ಮಿದುಳು ಅದರ ಮಾತು ಕೇಳುವುದನ್ನೇ ಕಡಿಮೆ ಮಾಡಿ ಕಣ್ಣನ್ನು ಜಾಸ್ತಿ ನಂಬುತ್ತದೆ. ಇಳಿದ ಮೇಲೆ ತಲೆ ತಿರುಗಿಸಿದರೂ ಲೋಕವೇ ಸುತ್ತಿದಂತೆ ಅನ್ನಿಸಬಹುದು. ಎದ್ದು ನಿಂತಾಗ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುವುದೂ ಉಂಟು. ಆ ಹೊತ್ತಿನಲ್ಲಿ ನಡೆಸಿ ಬೀಳಿಸುವುದಕ್ಕಿಂತ ಮಲಗಿಸಿ ಒಯ್ಯುವುದೇ ವಾಸಿ.

ನಾಸಾದಲ್ಲಿ ಆಮೇಲೆ 45 ದಿನಗಳ ತರಬೇತಿ ಇರುತ್ತದೆ. ಅಲ್ಲೂ ದಿನಕ್ಕೆ ಎರಡು ಗಂಟೆ! ನಡಿಗೆ, ಸಮತೋಲನದಿಂದ ಶುರುಮಾಡಿ ನಿಧಾನಕ್ಕೆ ಓಟದವರೆಗೆ ತರುತ್ತಾರೆ. ಮಾಂಸಖಂಡ, ಸಮತೋಲನ ಬೇಗ ಸರಿಹೋಗುತ್ತವೆ. ಮೂಳೆಗೆ ಮಾತ್ರ ಕೆಲವೊಮ್ಮೆ ವರ್ಷಗಳೇ ಬೇಕು.