ಗ್ಯಾಸ್ ಮಾತ್ರೆ ಇದೆಯಲ್ಲ ಅನ್ನೋ ಧೈರ್ಯ

ಗುರುತು ಬದಲಿಸಿ ಬರೆಯುತ್ತಿದ್ದೇನೆ. ಔಷಧ ಸಲಹೆಗೆ ಬರುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿ ಸಾಕಾಗಿದೆ.

ಅರವತ್ತು ದಾಟಿದ ಗೃಹಿಣಿ. ಮಂಡಿನೋವು, ಬಿಪಿ. ನೋವಿಗೆ ಡೈಕ್ಲೋಫೆನಾಕ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಎಂದು ಐದು ದಿನಕ್ಕೆ ಬರೆದುಕೊಟ್ಟಿದ್ದ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸುತ್ತ ತಿಂಗಳುಗಟ್ಟಲೆ ನುಂಗಿದ್ದರು.

ಹೇಗೆ ತಗೋತೀರಿ ಎಂದೆ. ಪ್ಲಾಸ್ಟಿಕ್ ಕವರ್ ಬಿಚ್ಚಿ ಎರಡೂ ಮಾತ್ರೆ ಅಂಗೈಯಲ್ಲಿಟ್ಟು ತೋರಿಸಿದರು. "ಊಟ ಆದ್ಮೇಲೆ ಒಟ್ಟಿಗೇ ಹಾಕ್ಕೋತೀನಿ ಮೇಡಂ. ಮದುವೆ ಗಿದುವೆ ಓಡಾಟ ಇದ್ರೆ ನೋವಿಂದು ಎರಡು. ಗ್ಯಾಸ್ ಮಾತ್ರೆ ಇದೆಯಲ್ಲ, ಏನೂ ಆಗಲ್ಲ."

"ಮಲ ಕಪ್ಪಗೆ ಹೋಗಿತ್ತಾ ಅಮ್ಮ, ಡಾಂಬರಿನ ಥರ?"

"ಮೊನ್ನೆ ಹೋಗಿತ್ತು. ರಾಗಿಮುದ್ದೆ ತಿಂದಿದ್ದಕ್ಕೆ ಅಂದ್ಕೊಂಡೆ."

ಅಲ್ಲಿಯವರೆಗೆ ಗದರುತ್ತಿದ್ದ ಮಗಳು ಸುಮ್ಮನಾದಳು. ನೋವಿನ ಮಾತ್ರೆ ಆಗಲೇ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸಿದೆ. ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು.

ಪಕ್ಕದ ಟೇಬಲ್ಲಿನವರು "ಪಾಪ, ಹೆದರಿಸಿಬಿಟ್ಟಿರಿ" ಅಂದರು. ಕಪ್ಪು ಮಲಕ್ಕೆ ಹೆದರಲೇಬೇಕು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗಬಹುದು, ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಗುಣವಾಗಿ ಬಂದಾಗ ವಿವರಿಸಿದೆ. ಈ ಎರಡು ಮಾತ್ರೆ ಒಂದಕ್ಕೊಂದು ವೈರಿಗಳಲ್ಲ, ವೈದ್ಯರೇ ಜೋಡಿಸಿ ಬರೆಯುತ್ತಾರೆ. ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ನೋವಿನದು ಊಟದ ಮೇಲೆ, ಹೇಳಿದಷ್ಟೇ ದಿನ. ಆಸಿಡ್ ತಗ್ಗಿದರೆ ಹುಣ್ಣಿನ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಿಡ್ನಿಗಂತೂ ಗ್ಯಾಸ್ ಮಾತ್ರೆ ಕಾವಲಲ್ಲ. ಡೈಕ್ಲೋಫೆನಾಕ್ ಕಿಡ್ನಿಗೆ ಹೋಗುವ ರಕ್ತ ತಗ್ಗಿಸಬಲ್ಲದು, ಬಿಪಿ ಏರಿಸಬಲ್ಲದು. ಇವರದೋ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿದ ಬಿಪಿ ಔಷಧ. ಈ ಮೂರು ಕೂಡಿದರೆ ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಇನ್ನೂ ಹೆಚ್ಚು. ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲು ಹೇಳಿದೆ.

ಬರೀ "ನಿಲ್ಲಿಸಿ" ಅಂದರೆ ಯಾರೂ ನಿಲ್ಲಿಸುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ. ಮಂಡಿ ನೋಯುವುದು ನಿಜ ತಾನೆ? ಹಾಗಾಗಿ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಗೊತ್ತುಮಾಡಿದೆವು. ಅಂಗಡಿಯವರು ಕೊಡುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ, ಅದರ ಮೇಲೆ ಇನ್ನೊಂದು ನುಂಗಬೇಡಿ ಎಂದೂ ಹೇಳಿದೆ.

ಹಳೇ ಚೀಟಿ ಹರಿಯಲು ಹೊರಟ ಮಗಳನ್ನು ತಡೆದೆ. ಅದರ ಮೇಲೆ "ಹುಣ್ಣಾಗಿ ರಕ್ತ ಹೋಗಿತ್ತು" ಎಂದು ದಪ್ಪಕ್ಷರದಲ್ಲಿ ಬರೆಸಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನೇ ತೋರಿಸಮ್ಮ ಅಂದೆ.