ಮಗನಿಗೆ ಹೇಳಬೇಕಾ ಬೇಡ್ವಾ ಅಂತ ಕೇಳಿದವರಿಗೆ

ಅಕ್ಕ, 11 ವರ್ಷದ ಮಗನಿಗೆ ಆಸ್ಪರ್ಗರ್ (ಆಟಿಸಂನ ಒಂದು ಬಗೆ, ಜನರೊಡನೆ ಬೆರೆಯುವುದು ಕಷ್ಟ ಆಗುವಂಥದ್ದು) ಅಂತ ಡಾಕ್ಟರ್ ಅಂದಿದ್ದಾರೆ, ಅವನಿಗೆ ಹೇಳಬೇಕಾ, ಮದುವೆ ಮಂಟಪದಿಂದ ಎದ್ದು ಓಡುತ್ತಾನೆ, ನೆಂಟರು ಹಠ ಅನ್ನುತ್ತಾರೆ ಅಂತ ಬರೆದಿದ್ದೀರಿ.

ಹೇಳಿ. ತಾನು ಉಳಿದವರ ಹಾಗಿಲ್ಲ ಅಂತ ಈ ವಯಸ್ಸಿನ ಹುಡುಗನಿಗೆ ಆಗಲೇ ಅನ್ನಿಸಿರುತ್ತದೆ. ಕಾರಣ ಗೊತ್ತಿಲ್ಲದಿದ್ದರೆ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ. ಆದರೆ ಎದುರು ಕೂರಿಸಿ ಭಾಷಣ ಬೇಡ. ಮಲ್ಪೆ ಬೀಚಲ್ಲಿ ಪಕ್ಕಪಕ್ಕ ನಡೆಯುತ್ತಾ ಹೇಳಿ, ಮುಖ ನೋಡುವ ಒತ್ತಡ ಇರುವುದಿಲ್ಲ. ಉಡುಪಿ-ಮಂಗಳೂರು ಬಸ್ಸುಗಳ ಟೈಮಿಂಗ್ ಎಲ್ಲ ಬಾಯಿಪಾಠ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ಅಷ್ಟು ನೆನಪಿಡುವುದೂ ಸದ್ದು ತಡೆಯಲಾಗದ್ದೂ ಅವನ ಮಿದುಳು ಕೆಲಸ ಮಾಡುವ ರೀತಿಯೇ ಅಂತ ಹೇಳಿ. ಒಂದೇ ದಿನದಲ್ಲಿ ಮುಗಿಸಬೇಕಿಲ್ಲ, ಅವನು ಕೇಳಿದಷ್ಟು ಸಾಕು.

ಮದುವೆಗೆ ವಾಲಗ, ಸ್ಪೀಕರ್ ಜೋರಿರುವ ಹೊತ್ತು ಬಿಟ್ಟು ಊಟದ ಸಮಯಕ್ಕೆ ಹೋಗಿ. ಸದ್ದು ತಡೆಯುವ ಇಯರ್‌ಮಫ್ ಚೀಲದಲ್ಲಿರಲಿ. ಸಾಕಾದಾಗ ಎಲ್ಲಿ ಹೋಗಿ ಕೂರಬಹುದು ಅಂತ ಮೊದಲೇ ತೋರಿಸಿಡಿ. ನೆಂಟರಿಗೆ "ಸದ್ದು ಅವನಿಗೆ ಆಗೋದಿಲ್ಲ" ಅಂದರೆ ಮುಗಿಯಿತು. ಎಲ್ಲರಿಗೂ ರಿಪೋರ್ಟ್ ಓದಿ ಹೇಳಬೇಕಾ ಮಾರಾಯ್ರೆ!

ಇನ್ನೊಂದು. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ 2013ರಿಂದ ಆಸ್ಪರ್ಗರ್ ಅಂತ ಬೇರೆ ಹೆಸರಿಲ್ಲ, ಅದು ಆಟಿಸಂ ಸ್ಪೆಕ್ಟ್ರಂನಲ್ಲೇ ಸೇರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಆಟಿಸಂ ಇದೆ. ರಿಪೋರ್ಟಿನಲ್ಲಿ ಆ ಹೆಸರೇ ಇರಲಿ ಅಂತ ಡಾಕ್ಟರನ್ನು ಕೇಳಿ. ಯುಡಿಐಡಿ ಕಾರ್ಡಿಗೆ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿಡಿ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಸರ್ಟಿಫಿಕೇಟ್ ಬೇಕಾಗುತ್ತದೆ, ಆಗ ಓಡಾಡುವುದು ಕಷ್ಟ.