ಕ್ರಿಯಾಟಿನಿನ್ ಏರಿದ ಮೇಲೆ ಸೊಪ್ಪು, ಬೇಳೆ, ಎಳನೀರು ಬಿಡಲೇಬೇಕಾ?

ಶುಗರ್ ಇರುವ ಅಪ್ಪನಿಗೆ ಸೊಪ್ಪು, ಬೇಳೆ, ಎಳನೀರು ಕೊಡಿ ಎಂದವರೇ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯ) 2.4 ಬಂದ ಮೇಲೆ ಬೇಡ ಅನ್ನುತ್ತಿದ್ದಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಆಗಿನದೂ ಸರಿ, ಈಗಿನದೂ ಸರಿ. ಕಿಡ್ನಿ ಚೆನ್ನಾಗಿದ್ದಾಗ ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿದು, ಮಟ್ಟ 5.5 (mEq/L) ದಾಟಿದರೆ ಹೃದಯದ ಬಡಿತವನ್ನೇ ಕೆಡಿಸಬಹುದು. ಮುನ್ಸೂಚನೆ ಇರಲೇಬೇಕೆಂದಿಲ್ಲ.

ಆದರೆ ಕ್ರಿಯಾಟಿನಿನ್ ಒಂದನ್ನೇ ನೋಡಿ ಎಲ್ಲ ಬಿಡಿಸುವುದನ್ನು ನಾನು ಒಪ್ಪುವುದಿಲ್ಲ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ನೋಡಿ. 5ರೊಳಗಿದ್ದರೆ ಸೊಪ್ಪು, ಹಣ್ಣು ಹಿತಮಿತವಾಗಿ ಇರಲಿ. ಸುಮ್ಮನೆ ಬಿಡಿಸಿದರೆ ಮಲಬದ್ಧತೆ ಬರುತ್ತದೆ, ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ. 5.5 ದಾಟಿದ್ದರೆ ಪಥ್ಯ ನಂಬಿ ಕೂರದೆ ಅಂದೇ ಡಾಕ್ಟರಿಗೆ ತಿಳಿಸಿ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳೂ ಅದನ್ನು ಏರಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ.

ಪೊಟ್ಯಾಸಿಯಂ ಕಡಿಮೆ ಮಾಡಿ ಎಂದಿದ್ದರೆ ಮೊದಲು ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ಓದಿ. ಬಿಪಿಗೆಂದು ತಂದ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡ್! ಮಾಮೂಲಿ ಉಪ್ಪೇ ಸಾಕು, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ ದಿನಕ್ಕೆ 5 ಗ್ರಾಂ ಒಳಗೆ. ಎಳನೀರು ಬಿಡಿ, ಒಂದರಲ್ಲೇ ಅರ್ಧ ಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದೆ.

ಸೊಪ್ಪು, ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ. ಬರೀ ನೆನೆಸಿಟ್ಟರೆ ಅಷ್ಟು ಇಳಿಯುವುದಿಲ್ಲ. ನಮ್ಮವರು ಎಡವುವುದು ಬಸ್ಸಾರಿನಲ್ಲಿ: ಸೊಪ್ಪು, ಕಾಳಿನಿಂದ ಬಿಟ್ಟ ಪೊಟ್ಯಾಸಿಯಂ ಆ ಬಸಿದ ನೀರಿನಲ್ಲೇ ಇದೆ. ಪಲ್ಯ ಅಪ್ಪನಿಗೆ, ಸಾರು ಬೇರೆಯವರಿಗೆ.

ಪ್ರೋಟೀನ್ ಲೆಕ್ಕ ಇನ್ನೂ ವಿಚಿತ್ರ. ಈಗ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 0.8 ಗ್ರಾಂ, 60 ಕೆಜಿಯವರಿಗೆ 48. ಬೇಳೆ ಅಳತೆಯಲ್ಲಿರಲಿ, ಪ್ರೋಟೀನ್ ಪುಡಿ ಬೇಡ. ಮುಂದೆ ಡಯಾಲಿಸಿಸ್ ಶುರುವಾದರೆ ಸಲಹೆ ಮತ್ತೆ ತಿರುಗುತ್ತದೆ: ಪ್ರೋಟೀನಿನ ಅಂಶಗಳಾದ ಅಮೈನೋ ಆಮ್ಲಗಳು ಅಲ್ಲಿ ಸೋರಿಹೋಗುವುದರಿಂದ ಅದೇ 60 ಕೆಜಿಯವರಿಗೆ 60ರಿಂದ 72 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಹಿಡಿದುಕೊಂಡು ಸೊರಗುವವರು ಬಹಳ.

ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಕಿಡ್ನಿ ಸೋತಾಗ ಅದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಲೋ ಶುಗರ್ ಆಗುವುದು ಜಾಸ್ತಿ. ಆಗ ಪೊಟ್ಯಾಸಿಯಂ ಹೆಚ್ಚಿರುವ ಕಿತ್ತಳೆ ಜ್ಯೂಸ್ ಬೇಡ, 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕೊಡಿ. ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟೇ ಇರಲಿ, ಮುಟ್ಟಿಸಬೇಡಿ. ಅದರ ವಿಷಾಂಶವನ್ನು ಸೋತ ಕಿಡ್ನಿ ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.